ಹುಣಸೆಬೀಜವೂ ನಂಜುಂಡಯ್ಯನವರ ಸಿಟ್ಟೂ

ನಂಜುಂಡಯ್ಯನವರಿಗೆ ಸಿಟ್ಟು ಬಂದರೆ ಮೊದಲು ಕೈ, ಆಮೇಲೆ ಬಾಯಿ. ನಾನು ಟೈಪ್ ಮಾಡುತ್ತಿದ್ದ ಅರ್ಜಿಯ ಹಾಳೆಯನ್ನು ಮೆಷಿನ್ನಿಂದ ಸರಕ್ಕನೆ ಎಳೆದು ಹರಿದುಹಾಕುತ್ತಿದ್ದರು. "ಸುಮಾರು ಅಂದ್ರೇನಮ್ಮ ಸುಶೀಲಾ? ಎಷ್ಟು ಡಿಗ್ರಿ, ಎಷ್ಟು ನಿಮಿಷ? ಅದು ಗೊತ್ತಿಲ್ದೋನಿಗೆ ಪೇಟೆಂಟ್ ಯಾಕೆ?"

ಕಡಬದವರು, ಕೆಮಿಕಲ್ ಇಂಜಿನಿಯರು. ಬೊಂಬಾಯಿಯ ಔಷಧಿ ಕಂಪನಿಯೊಂದರಲ್ಲಿ ಪೇಟೆಂಟ್ ಅರ್ಜಿ ಬರೆದೂ ಬರೆದೂ ಬೇಸತ್ತು, ಎಪ್ಪತ್ತರ ದಶಕದ ಕೊನೆಗೆ ತುಮಕೂರಿಗೆ ಬಂದು ಶೆಟ್ಟಿಹಳ್ಳಿಯ ಮನೆಯಲ್ಲೇ ಪೇಟೆಂಟ್ ಏಜೆಂಟ್ ಎಂದು ಬೋರ್ಡು ಹಾಕಿದ್ದರು. ಹೊಸದನ್ನು ಕಂಡುಹಿಡಿದವರಿಗೆ ಅದರ ಹಕ್ಕು ಕೊಡಿಸುವ ಕೆಲಸ. ಬೋರ್ಡು ನೋಡಿ ಔಷಧಿ ಅಂಗಡಿ ಎಂದುಕೊಂಡು ಬೀದಿಯವರು ಕೆಮ್ಮಿನ ಔಷಧಿ ಕೇಳಿಕೊಂಡು ಬರುತ್ತಿದ್ದರು.

ಒಂದು ದಿನ ಗುಬ್ಬಿಯ ಫ್ಯಾಕ್ಟರಿ ಮಾಲೀಕರೊಬ್ಬರು ಮಗನ ಜೊತೆ ಬಂದರು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬಟ್ಟೆ ಮಿಲ್ಲಿನ ಗಂಜಿಗೆ ಪುಡಿ ಮಾಡುವ ಫ್ಯಾಕ್ಟರಿ. ಬೀಜವನ್ನು ಸುಣ್ಣದ ತಿಳಿನೀರಲ್ಲಿ ನೆನೆಸಿ ಪುಡಿ ಕೆಂಪಾಗದಂತೆ ಮಾಡುವ ವಿಧಾನವನ್ನು ಮಗ ಕಂಡುಹಿಡಿದಿದ್ದಾನೆ ಎಂದರು.

"ಸುಣ್ಣದ ತಿಳಿನೀರಲ್ಲಿ ಎಷ್ಟು ಹೊತ್ತು ನೆನೆಸ್ತೀಯಪ್ಪ?"

ಮಗ ಅಪ್ಪನ ಮುಖ ನೋಡಿದ.

ಮಾರನೇ ದಿನವೇ ನಾವಿಬ್ಬರೂ ಗುಬ್ಬಿಗೆ ಹೋದೆವು. ಅಲ್ಲಿ ಬೀಜ ಹುರಿಯುತ್ತಿದ್ದ ಕುಣಿಗಲ್ ಕಡೆಯ ಪುಟ್ಟಮ್ಮ ಗಂಟೆ ಲೆಕ್ಕವನ್ನೂ ಹೇಳಿದಳು, ಉರಿಯ ಹದವನ್ನೂ ಹೇಳಿದಳು. "ನಾನೇ ಮಾಡಿ ತೋರ್ಸಿದ್ದು ಸ್ವಾಮಿ. ಎರಡು ವರ್ಷದಿಂದ ಎಲ್ರೂ ಹಿಂಗೇ ಮಾಡ್ತಾವ್ರೆ."

ನಂಜುಂಡಯ್ಯ ಅರ್ಜಿಯಲ್ಲಿ ಕಂಡುಹಿಡಿದವರ ಜಾಗದಲ್ಲಿ ಅವಳ ಹೆಸರು ಟೈಪ್ ಮಾಡಿಸಿದರು. ಸಹಿ ಹಾಕಲು ಬಂದ ಮಾಲೀಕರು ಅದನ್ನು ನೋಡಿ ನಕ್ಕರು.

"ಬೀಜ ಹುರಿಯೋಳಾ ಸಾರ್? ಅವ್ಳಿಗೆ ಕೂಲಿ ಕೊಡ್ತೀವಲ್ಲ."

"ಕೂಲಿ ಕೊಟ್ಟಿರೋದು ಅವ್ಳ ಕೈಗೆ ಕಣ್ರೀ, ತಲೆಗಲ್ಲ. ಎದ್ದೇಳಿ!"

ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಾಲೀಕರು ಬೇರೆ ಏಜೆಂಟರನ್ನು ಹಿಡಿದು ಮಗನ ಹೆಸರಲ್ಲೇ ಅರ್ಜಿ ಹಾಕಿಸಿದರು. ನಂಜುಂಡಯ್ಯ ಪುಟ್ಟಮ್ಮನಿಂದ ಹೆಬ್ಬೆಟ್ಟು ಒತ್ತಿಸಿ ತಕರಾರು ಹೂಡಿದರು. ಮದ್ರಾಸಿನ ಪೇಟೆಂಟ್ ಆಫೀಸಿನ ವಿಚಾರಣೆಯಲ್ಲಿ ಮಗ ತಡವರಿಸಿದ, ಪುಟ್ಟಮ್ಮ ತಡವರಿಸಲಿಲ್ಲ. ಅವನ ಅರ್ಜಿ ವಜಾ ಆಯಿತು.

ಆದರೆ ಅವಳಿಗೂ ಹಕ್ಕು ಸಿಕ್ಕಲಿಲ್ಲ. ಎರಡು ವರ್ಷದಿಂದ ಮಾಡಿ ಮಾರುತ್ತಿದ್ದುದನ್ನು ಕಾನೂನು ಹೊಸದೆಂದು ಒಪ್ಪುವುದಿಲ್ಲ. ಆ ಎರಡು ವರ್ಷದ ಮಾತನ್ನು ಅವಳು ಮೊದಲ ದಿನವೇ ಹೇಳಿದ್ದಳು. ಸಿಟ್ಟಿನ ಭರದಲ್ಲಿ ನಂಜುಂಡಯ್ಯನವರ ಕಿವಿಗೆ ಬಿದ್ದಿರಲಿಲ್ಲ. ಫ್ಯಾಕ್ಟರಿ ಅವಳ ವಿಧಾನದಲ್ಲೇ ನಡೆಯಿತು. ಅವಳನ್ನು ಮಾತ್ರ ಆಚೆ ಹಾಕಿದರು.

ಆದೇಶದ ಕಾಪಿ ಹಿಡಿದು ಕುಣಿಗಲ್ ಕಡೆಯ ಅವಳ ಊರಿಗೆ ಹೋದೆವು. ಯಾರದೋ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಕಾಗದದಲ್ಲಿ ಕಂಡುಹಿಡಿದವಳೆಂದು ಅವಳ ಹೆಸರಿದ್ದ ಜಾಗವನ್ನು ನಂಜುಂಡಯ್ಯ ಬೆರಳಿಟ್ಟು ತೋರಿಸಿದರು.

"ಇದು ಬೇಕಾ ಅಂತ ಒಂದ್ಸಲನಾದ್ರೂ ಕೇಳಿದ್ರಾ ಸ್ವಾಮಿ? ಸಿಟ್ಟು ನಿಮ್ದು. ಹೋಗಿದ್ದು ನನ್ ಕೆಲ್ಸ."



ಮುಂದೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಹೇಳಿ ಹೋಗಲು ಬಂದಾಗ ಅವರು ಯಾವುದೋ ಕಾರ್ಖಾನೆಯ ಫಿಟ್ಟರ್ ಒಬ್ಬನ ಜೊತೆ ಮಾತಾಡುತ್ತಿದ್ದರು. "ನಿನ್ ಹೆಸ್ರಲ್ಲಿ ಅರ್ಜಿ ಹಾಕಿದ್ರೆ ಕೆಲ್ಸ ಹೋಗ್ಬೋದು. ಆದ್ರೂ ಬೇಕೇನಪ್ಪ?" ಅವನು ಹೆಂಡತಿಯನ್ನು ಕೇಳಿ ಬರುತ್ತೇನೆಂದು ಎದ್ದು ಹೋದ. ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹೋಗ್ಲಿ ಬುಡು," ಎಂದರು ನಂಜುಂಡಯ್ಯ. ಅವರು ಹಾಗೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ವರ್ಷವೇ ತೀರಿಕೊಂಡರು.