ಕೆಂಪು ಗಾಡಿಯೋ, ಹಸಿರು ಗಾಡಿಯೋ

ಯಶವಂತಪುರದ ಲಾರಿ ಸ್ಟ್ಯಾಂಡಿನ ಹಿಂದೆ ಅಪ್ಪನದೊಂದು ಗ್ಯಾರೇಜ್ ಇತ್ತು. ಜೀವಮಾನವೆಲ್ಲ ಕಂಡವರ ಗಾಡಿ ರಿಪೇರಿ ಮಾಡಿದ ಮನುಷ್ಯ. ಎರಡು ಸೀಟಿನ, ಮೇಲಿನ ಟಾಪು ಮಡಿಚುವಂಥ ಸ್ಪೋರ್ಟ್ಸ್ ಕಾರು ತನ್ನದೂ ಒಂದಿರಬೇಕು, ಅದನ್ನು ತಾನೇ ಓಡಿಸಬೇಕು ಅನ್ನುವುದೊಂದೇ ಅವನ ಹುಚ್ಚು. ಅರವತ್ತರ ದಶಕದ ಒಂದು ಬೇಸಗೆಯಲ್ಲಿ ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಪ್ಪನ ಕಣ್ಣಿನ ನರ ಒಣಗ್ತಾ ಇದೆ ಕಣಪ್ಪ. ದಸರಾವರೆಗೆ ಕಂಡ್ರೆ ಹೆಚ್ಚು" ಅಂದರು. ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮರುದಿನವೇ ಹೆಬ್ಬಾಳದ ಸೈಟು ಮಾರಲು ಹೊರಟ.

ಆಗ ಹೊರದೇಶದಿಂದ ಗಾಡಿ ತರಿಸುವುದು ನಮ್ಮಂಥವರಿಗೆ ಆಗದ ಮಾತು. ಇಲ್ಲಿದ್ದವರು ಕೊಟ್ಟರೆ ಉಂಟು. ಮಾರಲು ಇದ್ದದ್ದು ಎರಡೇ. ಯಲಹಂಕದ ರಿಟೈರ್ಡ್ ಅಧಿಕಾರಿಯೊಬ್ಬರ ಷೆಡ್ಡಿನಲ್ಲಿ ಕೆಂಪು ಗಾಡಿ. ನೋಡಲು ಮದುವಣಗಿತ್ತಿ, ಗೇರು ಹಾಕಿದರೆ ಮಾತ್ರ ಕರಕರ. ಜಾಲಹಳ್ಳಿಯಲ್ಲಿದ್ದ ವಿದೇಶಿ ಇಂಜಿನಿಯರೊಬ್ಬರದು ಹಸಿರು ಗಾಡಿ. ಇಂಜಿನ್ ಅಪ್ಪಟ, ಆದರೆ ಕಾಲಿಡುವ ತಗಡು ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು.

ಪ್ರತಿ ಭಾನುವಾರ ಎರಡನ್ನೂ ನೋಡಲು ಹೋಗುವುದು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಅಪ್ಪ ಅರ್ಧ ಗಂಟೆ ಕೇಳುವನು. ಆಮೇಲೆ, "ಬರೋ ವಾರ ಇನ್ನೊಂದ್ಸಲ ನೋಡೋಣ ಕಣೋ."

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅಪ್ಪಾ, ಯಾವುದಾದ್ರೂ ಒಂದು ತಗೋ! ಏನ್ ಹೆಣ್ ನೋಡಕ್ ಬಂದಿದೀಯಾ?"

"ಊರವರಿಗೆಲ್ಲ ಯಾವ್ ಗಾಡಿ ತಗೋಬೇಕು ಅಂತ ಹೇಳ್ದೋನು ನಾನು. ನನ್ನದೇ ತಪ್ಪಿದ್ರೆ?"

ಹಾಗೆ ಏಳು ಭಾನುವಾರ ಹೋದವು. ಕೊನೆಗೆ ಹಸಿರೇ ಇರಲಿ ಅಂದ. ತುಕ್ಕಿನ ತಗಡನ್ನು ತಾನೇ ಬದಲಾಯಿಸುವೆ, ಇಂಜಿನ್ ಮುಖ್ಯ ಅಂದ. ಅಷ್ಟರಲ್ಲಿ ಆಷಾಢ ಹಿಡಿದಿತ್ತು.

"ಆಷಾಢದಲ್ಲಿ ಹೊಸ ಗಾಡಿ ಮನೆಗ್ ತರ್ತಾರೇನ್ರೋ?" ಅಮ್ಮ ಹೌಹಾರಿದಳು.

ಅಪ್ಪ ನನ್ನ ಮುಖ ನೋಡಿದ. ನಾನು ಹೂಂ ಅಂದಿದ್ದರೆ ಅವತ್ತೇ ಹೊರಡುತ್ತಿದ್ದ. "ಒಂದು ತಿಂಗಳು ತಾನೇ, ಶ್ರಾವಣದಲ್ಲಿ ತರೋಣ ಬಿಡಪ್ಪ" ಅಂದೆ. ಆ ನಾಲಿಗೆ ಸೇದಿಹೋಗಬಾರದಿತ್ತೇ! ಆ ತಿಂಗಳಲ್ಲೇ ಅಪ್ಪ ಬಾಗಿಲ ದಾರಂದಕ್ಕೆ ಎಡ ಭುಜ ತಗುಲಿಸತೊಡಗಿದ. ಊಟಕ್ಕೆ ಕೂತಾಗ ಎಲೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. ನಾನು ಕಂಡೂ ಕಾಣದ ಹಾಗಿದ್ದೆ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನುವ ಹೇಡಿತನ.

ಶ್ರಾವಣದ ಮೊದಲ ದಿನ ಹಸಿರು ಗಾಡಿಗೆ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿ, ಜಾಲಹಳ್ಳಿಯಿಂದ ಹೊರಟೆವು. ಅಪ್ಪ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಟಾಪು ಮಡಿಚಿದ್ದ. ಮೂರನೇ ಗೇರಿಗೆ ಹಾಕಿ, "ಕೇಳಿಸ್ಕೊಂಡ್ಯೇನೋ ಸದ್ದು?" ಎಂದು ಬಾಯ್ತುಂಬ ನಕ್ಕ. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಒಂದು ಫರ್ಲಾಂಗ್ ಹೋಗಿರಬೇಕು, ಎಡಗಡೆ ಹುಲ್ಲಿನ ಹೊರೆ ಹೊತ್ತ ಹೆಂಗಸು. ನಾನು ಕಿರುಚಿದೆ. ಗಾಡಿ ಅವಳ ಸೀರೆಯ ನಿರಿಗೆ ಸವರಿ ನಿಂತಿತು.

ಹೊರೆ ಬಿಸಾಕಿ ಅವಳು ಬೈದಳು: "ಕಣ್ ಕಾಣಾಕಿಲ್ವೇನಯ್ಯಾ ನಿಂಗೆ!"

"ಇಲ್ಲ ಕಣವ್ವ, ಕಾಣಲ್ಲ" ಅಂದ ಅಪ್ಪ.

ಅಪ್ಪ ಇಳಿದು ಬಾನೆಟ್ಟನ್ನು ಸವರುತ್ತ ಸವರುತ್ತ ನನ್ನ ಕಡೆಗೆ ಬಂದ. "ಆ ಕಡೆ ಸರ್ಕೋ. ನೀನು ಓಡ್ಸು. ನಾನ್ ಹಿಂಗೇ ಕೂತ್ಕೊಂಡ್ ಬರ್ತೀನಿ."

ನಾನು ಸರಿದು ಕೂತೆ. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಎಣ್ಣೆ ಮೆತ್ತಿದ ಕೈ ತನ್ನ ಜೊತೆಗೇ ಮುಗಿಯಲಿ ಎಂದು ಅಪ್ಪನೇ ನನ್ನನ್ನು ಗ್ಯಾರೇಜಿನ ಹೊಸ್ತಿಲು ತುಳಿಯಗೊಡದೆ ಓದಿಸಿ ಗುಮಾಸ್ತನನ್ನಾಗಿ ಮಾಡಿದ್ದ. ಆ ಗಳಿಗೆಯಲ್ಲಿ ಅದನ್ನು ಮರೆತಿದ್ದ.

ಇಂಜಿನ್ ಓಡುತ್ತಲೇ ಇತ್ತು. ಅಪ್ಪ ಬಾಗಿಲು ಹಾಕಿಕೊಂಡು, ಮುಖ ಮುಂದಕ್ಕೆ ಮಾಡಿ, "ಹೂಂ, ನಡಿ ಮಗಾ" ಅಂದ.