ಹುಣಸೆಹಣ್ಣಿಗೆ ಸಿಕ್ಕ ಬಯೊನೆಟ್

ಇವತ್ತು ಬೆಳಿಗ್ಗೆ ನವರಾತ್ರಿಯ ಪಾತ್ರೆ ತಿಕ್ಕಲು ಹುಣಸೆಹಣ್ಣು ನೆನೆಸಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಫ್ಲ್ಯಾಟಿನಲ್ಲಿದ್ದ ಅಂಕಲ್ ನೆನಪಾಗಿ ಮತ್ತೆ ಮೈ ಉರಿಯಿತು. ಸಿಟ್ಟು ಅವರ ಮೇಲೋ ನನ್ನ ಮೇಲೋ… ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ.

ಎರಡು ಸಾವಿರದ ಏಳರ ಸುಮಾರಿಗೆ ಈ ಪರದೇಶದ ಸೆಂಗ್‌ಕಾಂಗ್ ಬಡಾವಣೆಯಲ್ಲಿ ನಮ್ಮ ಬ್ಲಾಕಿನವರೆಲ್ಲ ದುಬಾರಿ ಕಾಂಡೋ ಫ್ಲ್ಯಾಟ್ ಬುಕ್ ಮಾಡುವ ಮಾತಾಡುತ್ತಿದ್ದರೆ, ಅಂಕಲ್‌ಗೆ ಹಳೆಯ ಅಮೆರಿಕನ್ ಸೈನ್ಯದ ಬಯೊನೆಟ್‌ಗಳ ಹುಚ್ಚು. ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿಗಳು. ಮೈಸೂರಿನವರು, ರಿಟೈರ್ ಆದ ಎಂಜಿನಿಯರ್, ಒಂಟಿ. ಹನ್ನೊಂದು ವರ್ಷ ಹುಡುಕಿ ತರಿಸಿಕೊಂಡಿದ್ದ ಒಂದು ಮಾತ್ರ ಕತ್ತಿಯ ಹಾಗಿರಲಿಲ್ಲ, ಗಾರೆಯವರ ಕರಣೆಯ ಹಾಗೆ ಅಗಲವಾಗಿತ್ತು. ಸೈನಿಕರು ಅದರಲ್ಲೇ ಗುಂಡಿಯನ್ನೂ ತೋಡುತ್ತಿದ್ದರಂತೆ. ಆ ವರ್ಷ ನವರಾತ್ರಿ ಮುಗಿದ ಮೇಲಿನ ಭಾನುವಾರ ಕಲ್ಲಾಂಗ್‌ನಲ್ಲಿ ಸಂಗ್ರಾಹಕರೆಲ್ಲ ಸೇರುವಾಗ ಅದನ್ನು ಮೊದಲ ಸಲ ತೋರಿಸುವವರಿದ್ದರು.

ಅಷ್ಟರಲ್ಲಿ ಅವರ ಮನೆಗೆ ಪೇಂಟಿಂಗ್ ಕೆಲಸದವರು ಬಂದರು. "ನಾಲ್ಕು ದಿನ ನಿಮ್ಮನೇಲಿ ಇರ್ಲಮ್ಮ, ಜೋಪಾನ," ಎಂದು ಅಂಕಲ್ ಆ ಬಯೊನೆಟ್ಟನ್ನು ನನ್ನ ಕೈಗೆ ಕೊಟ್ಟು ಹೋದರು. ಯಾವ ಕಾರ್ಖಾನೆಯದು, ಯಾವ ರೈಫಲ್ಲಿನದು ಎಂದು ಗಂಟೆಗಟ್ಟಲೆ ಕೊರೆದವರು, ಉಜ್ಜಬಾರದು ಎಂಬ ಒಂದು ಮಾತು ಹೇಳಲಿಲ್ಲ! ಮೈಸೂರಿನವರಾಗಿ, ನವರಾತ್ರಿಯಲ್ಲಿ ಆಯುಧ ತಂದು ನಮ್ಮ ಮನೆಯಲ್ಲಿಟ್ಟರೆ ಇನ್ನೇನಾಗಬೇಕಿತ್ತು?

ಪ್ರತಿ ವರ್ಷ ಆಯುಧಪೂಜೆಗೆ ಸ್ಕ್ರೂಡ್ರೈವರ್, ಲ್ಯಾಪ್‌ಟಾಪ್ ಇಟ್ಟು ಕೈಮುಗಿದು ಸಾಕಾಗಿತ್ತು. ಈ ಸಲ ಸಾಕ್ಷಾತ್ ಆಯುಧವೇ ಬಂದಿದೆ ಎಂದು ಹಿಗ್ಗಿ, ಹುಣಸೆಹಣ್ಣು ಹಚ್ಚಿ, ಸ್ಟೀಲ್ ನಾರಿನಲ್ಲಿ ಗಸಗಸ ತಿಕ್ಕಿದೆ. ನೂರು ವರ್ಷಕ್ಕೂ ಮಿಕ್ಕಿ ಉಳಿದಿದ್ದ ನೀಲಿಗಪ್ಪು ಬಣ್ಣ ಸಿಂಕಿನಲ್ಲಿ ಹರಿದುಹೋಯಿತು. ಕೊಳೆ ಹೋಯಿತೆಂದೇ ನಾನು ತಿಳಿದದ್ದು. ಕುಂಕುಮವಿಟ್ಟು, ಹೂ ಮುಡಿಸಿ, ಅಂಕಲ್ ಅವರನ್ನು ಪ್ರಸಾದಕ್ಕೆ ಕರೆದೆ.

ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಹೇಗೆ ಫಳಫಳ ಅಂತಿದೆ ನೋಡಿ ಅಂಕಲ್!" ಎಂದೆ, ದಡ್ಡಿ ನಾನು.

"ಆ ಹಳೇ ಬಣ್ಣಾನೇ ಅದರ ಜೀವ ಕಣಮ್ಮ… ಇರ್ಲಿ. ಮಂಗಳಾರತಿ ಆಯ್ತಾ?"

ಕೋಸಂಬರಿ ತಿಂದು ಎದ್ದು ಹೋದರು. ಭಾನುವಾರ ಕಲ್ಲಾಂಗ್‌ಗೆ ಹೋಗಲಿಲ್ಲ. ವಾಪಸ್ ಕೊಡಲು ಹೋದರೆ, "ಪೂಜೆ ಆಗಿದೆಯಲ್ಲ, ನಿಮ್ಮನೇಲೇ ಇರ್ಲಿ," ಎಂದುಬಿಟ್ಟರು. ಒಮ್ಮೆ ಬೈದಿದ್ದರೆ ಕಾಲಿಗೆ ಬಿದ್ದು ಹಗುರಾಗುತ್ತಿದ್ದೆ. ಬೈಯಲೇ ಇಲ್ಲ ಪುಣ್ಯಾತ್ಮ! ಆಮೇಲೆ ಪಾಸಿರ್ ರಿಸ್‌ಗೆ ಶಿಫ್ಟ್ ಆದರು… ಅಲ್ಲೇ ತೀರಿಕೊಂಡರು.

ಇವತ್ತು ಪಾತ್ರೆಗಳನ್ನೆಲ್ಲ ತಿಕ್ಕಿದೆ. ಬಯೊನೆಟ್ಟಿಗೆ ಮಾತ್ರ ಕೈ ಹಚ್ಚಲಿಲ್ಲ, ಅಂದಿನಿಂದ ಹಚ್ಚಿಯೇ ಇಲ್ಲ. ಬುಡದ ಹತ್ತಿರ ಬೆರಳಗಲ ಕಪ್ಪು ಮತ್ತೆ ಕೂತಿದೆ. ಬಂದು ನೋಡಿ ಅಂಕಲ್ ಎಂದು ಕರೆಯೋಣವೆಂದರೆ… ಪಕ್ಕದ ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿ.