ಪ್ರೊಸೆಸರ್ ಜೊತೆ ಚೌಕಾಸಿ

ಕಂಪ್ಯೂಟರಿನ ಬಿಡಿಭಾಗಗಳಿಗೆ ಐವತ್ತೆಂಟು ಸಾವಿರದ ನಾನೂರು ರೂಪಾಯಿ ಆಯಿತು. ಅಂಗಡಿಯವನು ಮೊದಲು ಬಾಯಿಬಿಟ್ಟದ್ದು ಅರವತ್ತೇಳು ಸಾವಿರ. ನಡುವೆ ಎರಡು ಟೀ, ಒಂದು ಸಲ ಮೆಟ್ಟಿಲಿಳಿದು ಹೊರಟೇಹೋದ ನಾಟಕ, ಸುಮಾರು ಒಂದೂವರೆ ಗಂಟೆ ಹಿಡಿಯಿತು. ಬೆಲೆ ಇಷ್ಟು ಇಳಿದದ್ದರಲ್ಲಿ ನನ್ನ ಬಾಯಿಯ ಪಾಲು ಅರ್ಧ ಮಾತ್ರ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಪ್ರೊಸೆಸರನ್ನು ತಣ್ಣಗಿಡುವ ದೊಡ್ಡ ಕೂಲರನ್ನು ನಾನೇ ಪಟ್ಟಿಯಿಂದ ಹೊಡೆದುಹಾಕಿದ್ದೆ. ಜೋಡಿಯಾಗಿ ಕೊಳ್ಳಬೇಕಾದ ಎರಡು ಮೆಮೊರಿ ಸ್ಟಿಕ್‌ಗಳಲ್ಲಿ ಒಂದನ್ನು ಈ ಅಂಗಡಿಯಲ್ಲೂ, ಮುನ್ನೂರು ರೂಪಾಯಿ ಕಮ್ಮಿ ಅಂತ ಇನ್ನೊಂದನ್ನು ಎದುರಿನ ಅಂಗಡಿಯಲ್ಲೂ ಕೊಂಡಿದ್ದೆ.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಬುದ್ಧಿ ಎಲ್ಲಿಂದ ಬಂತು ಅಂತ ನೀವು ಯೋಚಿಸುತ್ತೀರಿ. ಈಗ ಶೆಟ್ಟಿಹಳ್ಳಿಯಲ್ಲಿ ಕಂಪ್ಯೂಟರ್ ಕಟ್ಟಿಕೊಡುವ ಸಣ್ಣ ಅಂಗಡಿ ನನ್ನದು. ಅದಕ್ಕೂ ಮುಂಚೆ ಎಂಟು ವರ್ಷ ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿಯೊಂದರಲ್ಲಿ ಚೀಲ ಎಣಿಸಿದವನು. ಹೇಳಿದ ಬೆಲೆ ಕೊಡುವುದು ಅವಮಾನ ಅನ್ನುವುದು ಅಲ್ಲಿ ಮೈಗೆ ಹತ್ತಿದ ರೋಗ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವಾಗಲೂ ಒಂದು ಕ್ಷಣ ಕಂಡಕ್ಟರ್ ಮುಖ ನೋಡುತ್ತೇನೆ.

ಈ ಕಂಪ್ಯೂಟರು ನನಗಲ್ಲ, ಶಿವಾನಂದ ಮೇಷ್ಟ್ರಿಗೆ. ಬಾಗಲಕೋಟೆ ಕಡೆಯವರು, ಇಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅಬ್ಬಿಗೆರೆಯಲ್ಲಿ ಮನೆ, ಮೇಲಿನ ತಗಡಿನ ಮಾಡಿನ ಕೋಣೆಯಲ್ಲಿ ಅವರ ಓದು. ಬೆಲ್ಲ ಕಾಯಿಸುವ ಗಾಣದ ಒಲೆಯೊಳಗೆ ಶಾಖ ಹೇಗೆ ಹರಡುತ್ತದೆ ಎಂಬುದರ ಮೇಲೆ ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು. ಅವರ ಹೆಂಡತಿ ಸುಮಂಗಲಾ ಅವರು ಮೊದಲ ದಿನವೇ ನನಗೆ ಹೇಳಿದ್ದರು: "ಒಲಿ ಬಗ್ಗೆ ಏಳ್ ವರ್ಷದಿಂದ ಬರಿಯಾಕತ್ತಾರ ಅಣ್ಣಾರ, ಮನ್ಯಾಗಿನ ಒಲಿ ಹಚ್ಚೂದು ಇನ್ನೂ ಗೊತ್ತಿಲ್ಲ."

ಆ ವರ್ಷ ಮೇ ತಿಂಗಳ ಕೊನೆಯ ಶುಕ್ರವಾರ ಪ್ರಬಂಧ ಒಪ್ಪಿಸದಿದ್ದರೆ ಮೇಷ್ಟ್ರ ನೋಂದಣಿ ರದ್ದಾಗುತ್ತಿತ್ತು. ಉಳಿದಿದ್ದದ್ದು ಒಂದೇ ಲೆಕ್ಕಾಚಾರ, ಆದರೆ ಅದು ಒಳ್ಳೆಯ ಯಂತ್ರದಲ್ಲೂ ಸತತ ಮೂವತ್ತು ಗಂಟೆ ಓಡಬೇಕು. ಪ್ರೋಗ್ರಾಮನ್ನು ಅವರೇ ಬರೆದದ್ದು, ಅರ್ಧ ಕೆಲಸವನ್ನು ಉಳಿಸಿಡುವ ಏರ್ಪಾಡು ಅದರಲ್ಲಿರಲಿಲ್ಲ. ನಡುವೆ ನಿಂತರೆ ಮತ್ತೆ ಒಂದರಿಂದ. ಅವರ ಹಳೇ ಲ್ಯಾಪ್‌ಟಾಪು ಅದಕ್ಕೆ ಹದಿನೈದು ದಿನ ಕೇಳುತ್ತಿತ್ತು, ಇದ್ದದ್ದು ಹನ್ನೆರಡು. "ನಾನ್ ಇದೀನಲ್ಲ ಸಾರ್" ಅಂದುಬಿಟ್ಟೆ. ಈ ಮಾತು ಆಡಿದಾಗಲೆಲ್ಲ ನನಗೆ ಕೆಲಸ ಜಾಸ್ತಿಯಾಗಿದೆ.

ಯಂತ್ರ ಕಟ್ಟಿದೆ. ಎರಡು ಅಂಗಡಿಯ ಮೆಮೊರಿ ಒಂದಕ್ಕೊಂದು ಹೊಂದದೆ ಎತ್ತಿನಗಾಡಿಯ ವೇಗದಲ್ಲಿ ನಿಂತವು. ಮದರ್‌ಬೋರ್ಡಿನೊಳಗೆ ಬಯೋಸ್ ಅಂತ ಒಂದು ಪುಟ್ಟ ತಂತ್ರಾಂಶ ಇರುತ್ತದೆ. ಯಾರಿಗೆ ಎಷ್ಟು ವಿದ್ಯುತ್ತು, ಯಾರ ಓಟ ಎಷ್ಟು ಎಂದು ಹಂಚಿಕೊಡುವ ಮನೆಯೊಡತಿ ಅದು. ಕಂಪನಿಯ ವೆಬ್‌ಸೈಟಿನಲ್ಲಿ ಅದರ ಹೊಸ ಬೀಟಾ ಆವೃತ್ತಿ ಬಂದಿತ್ತು, ಮೆಮೊರಿಯ ತಕರಾರು ಸರಿಹೋಗುತ್ತದೆ ಎಂದು ಬರೆದಿದ್ದರು. ಬೀಟಾ ಅಂದರೆ ಅಡುಗೆಯವರು ತಾವು ಪೂರ್ತಿ ರುಚಿ ನೋಡದೆ, ಉಪ್ಪು ಹೇಗಿದೆ ನೀವೇ ಹೇಳಿ ಎಂದು ಬಡಿಸುವ ಸಾರು. ಹಾಕುವಾಗ ಕರೆಂಟ್ ಹೋದರೆ ಮದರ್‌ಬೋರ್ಡು ಸತ್ತಂತೆಯೇ. ನನ್ನ ಅಂಗಡಿಯ ಯುಪಿಎಸ್ಸನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಮೇಷ್ಟ್ರ ಮನೆಗೆ ಹೋದೆ. ಸುಮಂಗಲಾ ಅವರು ಕಂಪ್ಯೂಟರಿನ ಡಬ್ಬಕ್ಕೆ ಕುಂಕುಮ ಇಟ್ಟರು. ಬೀಟಾ ಕೂತಿತು, ಮೆಮೊರಿಯ ಓಟ ಏರಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಆ ಪರದೆಯ ಮೇಲೆ ವೋಲ್ಟೇಜ್ ಅಂತ ಒಂದು ಅಂಕಿ ಇತ್ತು, ಪಕ್ಕದಲ್ಲೇ ಇಳಿಸುವ ಗುಂಡಿಯೂ ಇತ್ತು. ಪ್ರೊಸೆಸರ್ ಕೇಳುತ್ತಿದ್ದದ್ದು 1.25. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಕೂಲರ್ ಬೇಕಿಲ್ಲ. 1.20ಕ್ಕೆ ಕೊಡ್ತೀಯಾ ಅಂದೆ, ಕೊಟ್ಟಿತು. 1.15? ಅದಕ್ಕೂ ಹೂಂ. 1.10ಕ್ಕೂ ಚಕಾರ ಎತ್ತಲಿಲ್ಲ. ನನಗೆ ಅಮಲೇರಿತು. ಮೆಮೊರಿಯ ಮೈಮೇಲೆ 1.35 ಅಂತ ಅಚ್ಚಾಗಿತ್ತು. ಅದು ಎಂಆರ್‌ಪಿ, ಎಂಆರ್‌ಪಿ ಯಾರು ಕೊಡ್ತಾರೆ ಅಂದುಕೊಂಡು 1.30ಕ್ಕೆ ಇಳಿಸಿದೆ. ಒಂದು ಗಂಟೆ ಪರೀಕ್ಷೆ ಓಡಿಸಿದೆ, ಪಾಸ್. ಮೀಸೆ ತಿರುವುತ್ತಾ ಮನೆಗೆ ಬಂದೆ.

ಸೋಮವಾರ ಬೆಳಗ್ಗೆ ಎಂಟಕ್ಕೆ ಮೇಷ್ಟ್ರು ಲೆಕ್ಕಾಚಾರ ಶುರುಮಾಡಿದರು. ಸಂಜೆ ಫೋನ್ ಬಂತು.

"ಏನ್ರೀ ಸಾಹುಕಾರ್ರ, ನಿಮ್ ಮಷೀನ್ ನಿಂತೈತಿ."

"ಕರೆಂಟ್ ಹೋಯ್ತಾ ಸಾರ್?"

"ಕರೆಂಟ್ ಐತಿ, ಫ್ಯಾನ್ ತಿರಗಾಕತ್ತೈತಿ. ಪರದೆ ಮ್ಯಾಲಿನ ಗಡಿಯಾರ ಮಾತ್ರ ಏಳು ಹತ್ತಕ್ಕ ನಿಂತೈತಿ. ಈಗ ಏಳು ನಲವತ್ತು."

ಹೋಗಿ ನೋಡಿದೆ. "ಇದು ಬೀಟಾದವರ ತಪ್ಪು ಸಾರ್" ಅಂತ ಕೈತೊಳೆದುಕೊಳ್ಳಲು ಹೊರಟೆ. ಮೇಷ್ಟ್ರು ಸಮಾಧಾನದಿಂದ ಕೇಳಿದರು: "ನೀವ್ ಏನೇನ್ ಬದಲ್ ಮಾಡೀರಿ?"

"ಬಯೋಸು, ಪ್ರೊಸೆಸರ್ ವೋಲ್ಟೇಜು, ಮೆಮೊರಿ ವೋಲ್ಟೇಜು."

"ಮೂರೂ ಒಮ್ಮಿಗೇ?"

"ಹೂಂ."

"ನಮ್ ಹುಡುಗ್ರು ಹಿಂಗ್ ಮಾಡಿದ್ರ ಲ್ಯಾಬಿಂದ ಹೊರಗ ನಿಂದರಸ್ತೀನ್ರಿ ನಾ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಸ್ಕೂಟರಿನಲ್ಲಿ ವಾಪಸ್ ಬರುವಾಗ ಮಂಡಿಯ ಯಜಮಾನರು ನೆನಪಾದರು. ನಾನು ಮೊದಲ ಸಲ ಸ್ವತಂತ್ರವಾಗಿ ವ್ಯಾಪಾರ ಕುದುರಿಸಿ, ನಾನು ಕೇಳಿದ ರೇಟಿಗೆ ಮಾರುವವನು ತಕ್ಷಣ ಒಪ್ಪಿದ ಅಂತ ಕುಣಿಯುತ್ತಾ ಹೋದಾಗ ಅವರು ಹೇಳಿದ್ದರು: "ತಕ್ಷಣ ಒಪ್ಪಿದ್ನಾ? ಹಂಗಾದ್ರೆ ಚೀಲದ ತಳದಿಂದ ಒಂದ್ ಗಡ್ಡೆ ತೆಗೆದು ಕೊಯ್ದು ನೋಡ್ಕೊಂಡ್ ಬಾ ಹೋಗೋ." ಕೊಯ್ದಾಗ ಒಳಗೆ ಕಪ್ಪಗಿತ್ತು. ಮನುಷ್ಯನ ಹತ್ತಿರ ಚೌಕಾಸಿ ಮಾಡುವಾಗ ಅವನ ಹುಬ್ಬು, ಅವನ ಕೆಮ್ಮು, ಎಲ್ಲವೂ ಕಡೇ ಬೆಲೆ ಯಾವುದೆಂದು ಹೇಳುತ್ತವೆ. ಪ್ರೊಸೆಸರಿಗೆ ಹುಬ್ಬಿಲ್ಲ. ಎಲ್ಲದಕ್ಕೂ ಹೂಂ ಅಂದು, ಹನ್ನೊಂದು ಗಂಟೆ ಓಡಿದ ಮೇಲೆ ಕೈಕೊಡುತ್ತದೆ.

ಹಠ ಹಿಡಿಯಿತು. ಮರುದಿನದಿಂದ ಅಂಗಡಿಗೆ ಅರ್ಧ ದಿನ ಬೀಗ. ಯಂತ್ರವನ್ನು ಅಂಗಡಿಗೆ ತರಲಿಲ್ಲ, ಅಲ್ಲಿ ತಂಪಿನಲ್ಲಿ ಗೆದ್ದು ಇಲ್ಲಿ ಮೇಷ್ಟ್ರ ತಗಡಿನ ಕೆಳಗೆ ಸೋತರೆ ಏನು ಬಂತು. ಎಲ್ಲವನ್ನೂ ಮೊದಲಿನ ಸ್ಥಿತಿಗೆ, ಮೆಮೊರಿಯನ್ನೂ ಹಳೇ ಎತ್ತಿನಗಾಡಿಯ ವೇಗಕ್ಕೇ ತಂದು, ಬೀಟಾ ಒಂದನ್ನೇ ಉಳಿಸಿದೆ. ಒಂದು ದಿನ ಪೂರ್ತಿ ಓಡಿತು, ಪಾಪ, ಅದರ ತಪ್ಪೇನೂ ಇರಲಿಲ್ಲ. ಆಮೇಲೆ ಪ್ರೊಸೆಸರನ್ನು ಮಾತ್ರ ಇಳಿಸಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ತಗಡು ಕಾದಾಗ 1.10 ಬಿತ್ತು, 1.15 ಬಿತ್ತು, 1.20 ನಿಂತಿತು. ಆಮೇಲೆ ಮೆಮೊರಿಯನ್ನು ಮತ್ತೆ ಪೂರ್ತಿ ವೇಗಕ್ಕೆ ಏರಿಸಿದೆ. ಅದರದ್ದು ಉಲ್ಟಾ ಕಥೆ. ಅಚ್ಚಾದ 1.35ರಲ್ಲೂ ಐದು ಗಂಟೆ ಓಡಿದ ಮೇಲೆ ತಪ್ಪು ಲೆಕ್ಕ ಕೊಟ್ಟಿತು. ಬೇರೆ ಬೇರೆ ಅಂಗಡಿಯಿಂದ ಬಂದವರನ್ನು ಒಂದೇ ನೊಗಕ್ಕೆ ಕಟ್ಟಿದವನು ನಾನು, ಖರ್ಚೂ ನಾನೇ ಕೊಡಬೇಕು. 1.37 ಕೊಟ್ಟು, ವೇಗ ಒಂದು ಮೆಟ್ಟಿಲು ಇಳಿಸಿದೆ. ಒಂದೂ ತಪ್ಪಿಲ್ಲ. ಜೀವನದಲ್ಲಿ ಮೊದಲ ಸಲ ಎಂಆರ್‌ಪಿಗಿಂತ ಜಾಸ್ತಿ ಕೊಟ್ಟಿದ್ದೆ. ಪ್ರತಿ ಪ್ರಯತ್ನವನ್ನೂ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆದೆ. ಅದನ್ನೆಲ್ಲ ನನ್ನ ಇಂಗ್ಲಿಷಿನಲ್ಲಿ ಬೀಟಾ ಕೊಟ್ಟ ಕಂಪನಿಗೂ ಬರೆದು ಕಳಿಸಿದೆ. ಧನ್ಯವಾದ ಎಂದು ಎರಡು ಸಾಲು ಬಂತು. ಒಂದು ವಾರ ಅವರಿಗೆ ಬಿಟ್ಟಿ ಕೆಲಸ ಮಾಡಿದೆ ಅಂತ ಹೊಳೆದದ್ದು ಅದನ್ನು ಓದಿದ ಮೇಲೆ.

ಕೂಲರನ್ನೂ ತಂದೆ, ನನ್ನ ಕೈಯಿಂದ. ಅಂಗಡಿಯವನು ಬೆಲೆ ಹೇಳಿದ, ನಾನು ದುಡ್ಡು ಇಟ್ಟೆ. ಅವನು ನೋಟನ್ನು ಬೆಳಕಿಗೆ ಹಿಡಿದು ನೋಡಿ, "ಯಾಕ್ ಸಾರ್, ಹುಷಾರಿದೀರಾ?" ಅಂದ.

ಮಂಗಳವಾರ ಬೆಳಗ್ಗೆ ಆರಕ್ಕೆ ಲೆಕ್ಕಾಚಾರ ಮತ್ತೆ ಒಂದರಿಂದ ಶುರುವಾಯಿತು. ನಿಂತರೆ ಇನ್ನೊಂದು ಸಲ ಓಡಿಸಿ, ಅಚ್ಚುಹಾಕಿಸುವಷ್ಟು ಸಮಯ ಉಳಿದಿರಲಿಲ್ಲ. ಬುಧವಾರ ಹನ್ನೊಂದೂವರೆಗೆ ನಾನು ಆ ಕೋಣೆಗೆ ಹೋದಾಗ ಮೇಷ್ಟ್ರು ಪರದೆ ನೋಡದೆ ಅದರ ಮೂಲೆಯ ಗಡಿಯಾರ ನೋಡುತ್ತಾ ಕೂತಿದ್ದರು. ನಾನೂ ಕೂತೆ. ಸುಮಂಗಲಾ ಅವರು ಮಜ್ಜಿಗೆ ತಂದು ತಾವೂ ನಿಂತರು. ಹನ್ನೆರಡು ಹತ್ತಕ್ಕೆ ಒಲೆಯ ಚಿತ್ರ ಪರದೆಯ ಮೇಲೆ ಬಂತು, ಎಡಮಗ್ಗುಲು ಕೆಂಡದಂತೆ ಕೆಂಪು. ಮೇಷ್ಟ್ರು ಆ ಕೆಂಪಿನ ಮೇಲೆ ಬೆರಳಿಟ್ಟರು.

"ನಮ್ಮಪ್ಪ ಗಾಣದಾಗ ಕೈ ಹಿಡಿದ್ ನೋಡಿ ಹೇಳ್ತಿದ್ರು," ಅಂದರು, "ಎಡಕ್ಕ ಬಿಸಿ ಜಾಸ್ತಿ ಅಂತ."

"ಮಾವಾರ್ ಮಾತು ಖರೆ ಅನ್ನಾಕ ಮೂವತ್ ತಾಸ್ ಬೇಕಾತು ನೋಡ್ರಿ," ಅಂದರು ಸುಮಂಗಲಾ. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವನಂತೆ ಲೋಟ ಕೆಳಗಿಟ್ಟೆ. ಶುಕ್ರವಾರ ಪ್ರಬಂಧ ಒಪ್ಪಿಸಿದರು.

ನೀವೂ ಇಂಥದ್ದಕ್ಕೆ ಕೈಹಾಕುವವರಾದರೆ ಕೇಳಿ. ಮೆಮೊರಿಯನ್ನು ಜೋಡಿಯಾಗಿಯೇ ಕೊಳ್ಳಿ, ಮುನ್ನೂರು ರೂಪಾಯಿ ಉಳಿಸಲು ಬೇರೆ ಜಾಗ ಹುಡುಕಿ. ಬೀಟಾ ಹಾಕುವಾಗ ಪಕ್ಕದ ಮನೆಯವರದ್ದಾದರೂ ಸರಿ, ಯುಪಿಎಸ್ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಯಂತ್ರ ಎಲ್ಲಿ ದುಡಿಯಬೇಕೋ ಅಲ್ಲೇ, ಎಷ್ಟು ಹೊತ್ತು ದುಡಿಯಬೇಕೋ ಅಷ್ಟು ಹೊತ್ತು ಪರೀಕ್ಷೆ ಮಾಡಿ. ಚೌಕಾಸಿ ಬಿಡಿ ಅಂತ ನಾನು ಹೇಳುವುದಿಲ್ಲ, ಈಗಲೂ ಆ ಪ್ರೊಸೆಸರ್ ಕೇಳಿದ್ದಕ್ಕಿಂತ ಕಮ್ಮಿಗೇ ಓಡುತ್ತಿದೆ. ಆದರೆ ಎದುರಿನವರು ಮೊದಲ ಮಾತಿಗೇ ಒಪ್ಪಿಬಿಟ್ಟರೆ ಖುಷಿಯಲ್ಲಿ ಎದ್ದು ಬರಬೇಡಿ. ಕೂತುಕೊಳ್ಳಿ, ಚೀಲದ ತಳಕ್ಕೆ ಕೈಹಾಕಿ ಒಂದು ಗಡ್ಡೆ ಕೊಯ್ಯಿರಿ.